ಕೈಗುಣಕ್ಕೊಂದು ಒರೆಗಲ್ಲು: ನಿಮ್ಮ ಬೀದಿಯ ಕ್ಲಿನಿಕ್ಕಿನ ಚಿಕಿತ್ಸೆ ಎಂಥದ್ದು ಎಂದು ತಿಳಿಯುವ ಸಮಗ್ರ ಮಾರ್ಗದರ್ಶಿ

"ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ, ಒಂದೇ ಇಂಜೆಕ್ಷನ್‌ಗೆ ಜ್ವರ ಬಿಟ್ಟೋಯ್ತು." ಹತ್ತಿರದ ಕ್ಲಿನಿಕ್ ಆರಿಸುವಾಗ ನಮ್ಮಲ್ಲಿ ಬಹುತೇಕ ಮನೆಗಳು ನಂಬುವ ಸಾಕ್ಷಿ ಇಷ್ಟೇ. ಆದರೆ ಮಾಮೂಲಿ ವೈರಲ್ ಜ್ವರ ಮೂರರಿಂದ ಐದಾರು ದಿನಕ್ಕೆ ತಾನಾಗಿ ಇಳಿಯುವಂಥದ್ದು. ಮೊದಲ ದಿನ ಮನೆಯ ಕಷಾಯ, ಎರಡನೇ ದಿನ ಮೆಡಿಕಲ್ ಶಾಪಿನ ಮಾತ್ರೆ, ಮೂರನೇ ದಿನ ಒಬ್ಬ ಡಾಕ್ಟರು, ಐದನೇ ದಿನ ಮತ್ತೊಬ್ಬರು. ಜ್ವರ ಇಳಿಯುವ ಹೊತ್ತಿಗೆ ಯಾರ ಕೈ ನಾಡಿಯ ಮೇಲಿತ್ತೋ ಕೀರ್ತಿ ಅವರದ್ದು. ಹೀಗಾಗಿ ಬೇಗ ವಾಸಿಯಾಯಿತು ಅನ್ನುವುದು ಚಿಕಿತ್ಸೆಯ ಗುಣಮಟ್ಟವನ್ನು ಹೇಳುವುದಿಲ್ಲ. ಕ್ಲಿನಿಕ್ ಮುಂದಿನ ಸಾಲೂ ಹೇಳುವುದಿಲ್ಲ. ಕೇಳಿದ್ದನ್ನೆಲ್ಲ ಕೊಡುವ ಕಡೆ ಸಾಲು ಯಾವಾಗಲೂ ಉದ್ದ.

ವೈದ್ಯಶಾಸ್ತ್ರ ಓದದವರೂ ಕಣ್ಣಾರೆ ನೋಡಿ ಅಳೆಯಬಹುದಾದ ಸಂಗತಿಗಳು ಬೇಕಾದಷ್ಟಿವೆ: ಡಾಕ್ಟರು ಏನು ಕೇಳಿದರು, ಎಲ್ಲಿ ಮುಟ್ಟಿ ನೋಡಿದರು, ಚೀಟಿಯಲ್ಲಿ ಏನು ಬರೆದರು, ಮುಖ್ಯವಾಗಿ ಏನನ್ನು ಕೊಡಲು ಒಪ್ಪಲಿಲ್ಲ. ಈ ಪರೀಕ್ಷೆಯನ್ನು ಕಾಯಿಲೆ ಬಿದ್ದಾಗ ಮಾಡಲು ಹೋಗಬೇಡಿ. 103 ಡಿಗ್ರಿ ಜ್ವರದಲ್ಲಿ ನಡುಗುತ್ತಿರುವವರಿಗೆ ಗೋಡೆಯ ಮೇಲಿನ ಪ್ರಮಾಣಪತ್ರ ಓದುವ ತಾಳ್ಮೆ ಇರುವುದಿಲ್ಲ. ಹೊಸ ಬಡಾವಣೆಗೆ ಮನೆ ಬದಲಿಸಿದ ತಿಂಗಳಲ್ಲೇ ಬಿಪಿ ತೋರಿಸಲೋ ಟಿಟಿ ಇಂಜೆಕ್ಷನ್ ವಿಚಾರಿಸಲೋ ಒಮ್ಮೆ ಹೋಗಿಬನ್ನಿ. ಸಂಜೆ ಏಳರ ಜನಜಂಗುಳಿಯಲ್ಲಿ ಬೇಡ, ಬೆಳಗ್ಗೆ ಬಾಗಿಲು ತೆಗೆದ ಅರ್ಧ ಗಂಟೆಯೊಳಗೆ ಹೋಗಿ.

ಮೊದಲ ಹೆಜ್ಜೆ: ಬೋರ್ಡು ಮತ್ತು ಗೋಡೆ

ಕರ್ನಾಟಕದಲ್ಲಿ ಯಾವುದೇ ಖಾಸಗಿ ಕ್ಲಿನಿಕ್ ನಡೆಸಲು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಎಲ್ಲರೂ ಹೇಳುವ ಕೆಪಿಎಂಇ ಅಡಿ, ನೋಂದಣಿ ಆಗಿರಬೇಕು. 2024ರಲ್ಲಿ ಆರೋಗ್ಯ ಇಲಾಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಪಿಎಂಇ ಸಂಖ್ಯೆಯನ್ನು ನಾಮಫಲಕದ ಮೇಲೆಯೇ ಬರೆಯಬೇಕು, ಅಲೋಪತಿಗೆ ನೀಲಿ ಬಣ್ಣದ ಫಲಕ, ಆಯುರ್ವೇದಕ್ಕೆ ಹಸಿರು ಎಂದು ಹೇಳಿತು. ಒಳಗೆ ಪ್ರಮಾಣಪತ್ರ ತೂಗುಹಾಕಿದ್ದರೆ ಮೂರು ಸಾಲು ಓದಿ: ಅವಧಿ ಯಾವಾಗ ಮುಗಿಯುತ್ತದೆ, ಯಾವ ವೈದ್ಯಪದ್ಧತಿಗೆ ಕೊಟ್ಟಿದ್ದಾರೆ, ಯಾರ ಹೆಸರಿನಲ್ಲಿದೆ. ಎಷ್ಟೋ ಕಡೆ ಪ್ರಮಾಣಪತ್ರ ಒಬ್ಬರ ಹೆಸರಿನಲ್ಲಿರುತ್ತದೆ, ಕುರ್ಚಿಯಲ್ಲಿ ಬೇರೊಬ್ಬರು ಕೂತಿರುತ್ತಾರೆ.

ಆಮೇಲೆ ಡಾಕ್ಟರ ಸ್ವಂತ ನೋಂದಣಿ. ಎಂಬಿಬಿಎಸ್ ಮಾಡಿದವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲೋ ಬೇರೆ ರಾಜ್ಯದ ಪರಿಷತ್ತಿನಲ್ಲೋ ನೋಂದಾಯಿಸಿಕೊಂಡಿರಬೇಕು. ಆ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ, ಚೀಟಿಯಲ್ಲಿ, ಸರ್ಟಿಫಿಕೇಟಿನಲ್ಲಿ, ಹಣದ ರಸೀದಿಯಲ್ಲಿ ಕಾಣಿಸಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮಾವಳಿಯ ಸ್ಪಷ್ಟ ಮಾತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಭಾರತೀಯ ವೈದ್ಯರ ನೋಂದಣಿ ಪಟ್ಟಿ ಇದೆ. ಹೆಸರು ಅಥವಾ ಸಂಖ್ಯೆ ಹಾಕಿ ಹುಡುಕಲು ಎರಡು ನಿಮಿಷ ಸಾಕು. ಬಹಳ ಹಿಂದೆ ನೋಂದಾಯಿಸಿದವರ ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆಯಾಗಿರಬಹುದು, ಆದ್ದರಿಂದ ಹೆಸರಿಗಿಂತ ಸಂಖ್ಯೆ ಮತ್ತು ರಾಜ್ಯದಿಂದ ಹುಡುಕುವುದು ಮೇಲು.

ಹೆಸರಿನ ಮುಂದಿನ ಅಕ್ಷರಗಳ ಸಾಲಿಗೆ ಮರುಳಾಗಬೇಡಿ. ಎಂಬಿಬಿಎಸ್, ಎಂಡಿ, ಡಿಎನ್‌ಬಿ ಆಧುನಿಕ ವೈದ್ಯದ ಪದವಿಗಳು. ಬಿಎಎಂಎಸ್ ಆಯುರ್ವೇದ, ಬಿಎಚ್‌ಎಂಎಸ್ ಹೋಮಿಯೋಪತಿ. ಆದರೆ 'ಎಂಬಿಬಿಎಸ್' ಆದಮೇಲೆ ಆವರಣದಲ್ಲಿ 'ಎ.ಎಂ.' ಎಂದಿದ್ದರೆ ಅದು 'ಆಲ್ಟರ್ನೇಟಿವ್ ಮೆಡಿಸಿನ್'. ಮಾನ್ಯತೆ ಇಲ್ಲದ ಕಾಗದ. ಬರೀ 'ಆರ್‌ಎಂಪಿ' (ನೋಂದಾಯಿತ ವೈದ್ಯ ಎಂಬ ಅರ್ಥದ ಅಕ್ಷರಗಳು) ಎಂದು ಬರೆದುಕೊಂಡವರ ಕಥೆಯೂ ಹೆಚ್ಚುಕಡಿಮೆ ಅದೇ. ಹಸಿರು ಫಲಕದ ಕ್ಲಿನಿಕ್ಕಿನಿಂದ ಹೊರಬಂದ ಚೀಟಿಯಲ್ಲಿ ಸೆಫಿಕ್ಸಿಮ್, ಅಜಿತ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಕಂಡರೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಟ್ಟ ಪ್ರಕರಣವೊಂದರಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆಯುರ್ವೇದದವರು ಆಯುರ್ವೇದ ಮಾಡಿದರೆ ತಕರಾರಿಲ್ಲ, ಅದು ಬೇರೆ ಮಾತು.

ಎರಡನೇ ಹೆಜ್ಜೆ: ಕಾಯುವ ಹೊತ್ತಿನಲ್ಲಿ ಕಣ್ಣಾಡಿಸಿ

ಟೋಕನ್ ಬರುವವರೆಗೆ ಮೊಬೈಲ್ ನೋಡುವ ಬದಲು ಇಂಜೆಕ್ಷನ್ ಕೋಣೆಯ ಕಡೆ ನೋಡಿ. ಸೂಜಿ ಹಾಕುವವರು ಯಾರು? ನರ್ಸೋ, ಡಾಕ್ಟರೋ, ಅಥವಾ ನಿನ್ನೆ ಸೇರಿದ ಹುಡುಗನೋ? ಸಿರಿಂಜ್ ಪೊಟ್ಟಣವನ್ನು ನಿಮ್ಮೆದುರೇ ಹರಿಯಬೇಕು. ಔಷಧದ ಬುಡ್ಡಿಯ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿಯನ್ನು ಚುಚ್ಚಿಯೇ ಬಿಟ್ಟು, ಬಂದವರಿಗೆಲ್ಲ ಅದರಿಂದಲೇ ಎಳೆಯುತ್ತಿದ್ದರೆ ಅಲ್ಲಿಂದ ಏಳಿ; ಹೆಪಟೈಟಿಸ್ ಬಿ, ಸಿ ಹರಡುವುದು ಇಂಥ ಸಣ್ಣ ಸೋಮಾರಿತನದಿಂದಲೇ. ಸ್ಪಿರಿಟ್‌ನಲ್ಲಿ ಬೆಳಗ್ಗೆಯೇ ಅದ್ದಿಟ್ಟ ಹತ್ತಿಯ ಡಬ್ಬಿಯೂ ಒಳ್ಳೆಯದಲ್ಲ, ಹತ್ತು ಬೆರಳು ಅದರೊಳಗೆ ಹೋಗಿ ಬರುತ್ತವೆ. ಹತ್ತಿಯನ್ನು ಆಯಾ ಹೊತ್ತಿಗೇ ಒದ್ದೆ ಮಾಡಿಕೊಳ್ಳಬೇಕು.

ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ ನೋಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ, ಬ್ಲೇಡು ಚುಚ್ಚಲಾಗದ ಬಿಳಿ ಡಬ್ಬಿಗೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಸೂಜಿ ತೆಗೆದ ಸಿರಿಂಜು, ಡ್ರಿಪ್ ನಳಿಗೆ, ಕೈಗವಸು ಕೆಂಪು ಚೀಲಕ್ಕೆ. ಗಾಜಿನ ಬುಡ್ಡಿಗಳು ನೀಲಿಗೆ. ಸಣ್ಣ ಕ್ಲಿನಿಕ್ಕಿನಲ್ಲಿ ನಾಲ್ಕೂ ಚೊಕ್ಕವಾಗಿ ಇರದಿದ್ದರೂ ಸೂಜಿ ತುಂಡರಿಸುವ ಕಟ್ಟರ್ ಮತ್ತು ಬಿಳಿ ಡಬ್ಬಿ ಇರಲೇಬೇಕು. ಎಲ್ಲವೂ ಮೇಜಿನ ಕೆಳಗಿನ ಒಂದೇ ಪ್ಲಾಸ್ಟಿಕ್ ಬಕೆಟ್ಟಿಗೆ ಬೀಳುತ್ತಿದ್ದರೆ, ಕಾಣುವ ಕಡೆಯೇ ಹೀಗಾದರೆ ಕಾಣದ ಕಡೆ ಹೇಗೋ ಎಂದು ಊಹಿಸಿ. ಗಾಯಕ್ಕೆ ಹೊಲಿಗೆ ಹಾಕುವ ಕ್ಲಿನಿಕ್ ಆದರೆ ಕತ್ತರಿ, ಚಿಮಟಗಳನ್ನು ಆಟೋಕ್ಲೇವ್ ಮಾಡುತ್ತಾರೋ ಬರೀ ಕುದಿಸುತ್ತಾರೋ ಕೇಳಿ. ಕುದಿಯುವ ನೀರು ಧನುರ್ವಾಯುವಿನ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಅದಕ್ಕೆ ಆಟೋಕ್ಲೇವಿನ ಒತ್ತಡದ ಉಗಿಯಲ್ಲಿ 121 ಡಿಗ್ರಿ ಸೆಲ್ಸಿಯಸ್, ಕನಿಷ್ಠ 15 ನಿಮಿಷ ಬೇಕು.

ಮಕ್ಕಳಿಗೆ ಲಸಿಕೆ ಹಾಕುವ ಕಡೆ ಫ್ರಿಜ್ ತೆಗೆಯುವಾಗ ಒಮ್ಮೆ ಇಣುಕಿ. ಒಳಗೆ ಥರ್ಮಾಮೀಟರ್, ಬಾಗಿಲ ಮೇಲೆ ದಿನಕ್ಕೆರಡು ಸಲ ಉಷ್ಣತೆ ಬರೆದ ಹಾಳೆ ಇರಬೇಕು. ಅಂಕಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನೊಳಗೆ. ಲಸಿಕೆಯ ಪಕ್ಕದಲ್ಲಿ ಮೊಸರಿನ ಪಾತ್ರೆ, ಬಾಗಿಲಿನ ಅರೆಯಲ್ಲಿ ಬುಡ್ಡಿಗಳು ಕಂಡರೆ ನಂಬಬೇಡಿ. ಬಾಗಿಲಿನ ಅರೆ ಬೆಚ್ಚಗಿರುತ್ತದೆ, ಫ್ರೀಜರಿಗೆ ತಾಗಿದ ಜಾಗ ಹೆಪ್ಪುಗಟ್ಟುತ್ತದೆ. ಡಿಪಿಟಿ, ಹೆಪಟೈಟಿಸ್ ಬಿ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆ. ಬುಡ್ಡಿಯ ಮೇಲೆ ದುಂಡಗಿನ ಗುರುತು ಇದ್ದರೆ ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿರಬೇಕು. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ ಆ ಬುಡ್ಡಿ ಬಿಸಿಗೆ ಸಿಕ್ಕಿದೆ, ಹಾಕಿಸಬೇಡಿ.

ಮೂರನೇ ಹೆಜ್ಜೆ: ಒಳಗೆ ಹೋದಾಗ

ಡಾಕ್ಟರು ಎಷ್ಟು ನಿಮಿಷ ಕೊಟ್ಟರು ಅನ್ನುವುದಕ್ಕಿಂತ ಆ ನಿಮಿಷಗಳಲ್ಲಿ ಏನಾಯಿತು ಅನ್ನುವುದು ದೊಡ್ಡದು. ಅನುಭವಿ ವೈದ್ಯರು ನಾಲ್ಕೈದು ನಿಮಿಷದಲ್ಲಿ ಅಚ್ಚುಕಟ್ಟಾಗಿ ನೋಡಬಲ್ಲರು. ಆದರೆ ಮೂರು ಪ್ರಶ್ನೆ ಕೇಳದೆ ಪೆನ್ನು ಹಿಡಿಯಬಾರದು: ಈಗ ಯಾವ್ಯಾವ ಮಾತ್ರೆ ತಗೊಳ್ತಿದ್ದೀರಿ, ಯಾವುದಾದರೂ ಔಷಧ ಒಗ್ಗುವುದಿಲ್ಲವಾ, ಹೆಂಗಸರಾದರೆ ಮುಟ್ಟು ತಪ್ಪಿದೆಯಾ ಅಥವಾ ಎದೆಹಾಲು ಕುಡಿಸ್ತಿದ್ದೀರಾ. ಈ ಮೂರೂ ಇಲ್ಲದೆ ಬರೆದ ಚೀಟಿ ಕತ್ತಲಲ್ಲಿ ಎಸೆದ ಕಲ್ಲು.

ಬಿಪಿ ನೋಡುವ ಕ್ರಮ ಒಂದರಿಂದಲೇ ಕ್ಲಿನಿಕ್ಕಿನ ಶಿಸ್ತು ಗೊತ್ತಾಗುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಪಟ್ಟಿ ಬರಿ ತೋಳಿಗೆ ಸುತ್ತಬೇಕು, ಸ್ವೆಟರಿನ ಮೇಲಲ್ಲ. ನೋಡುವಾಗ ಮಾತಾಡಿಸಬಾರದು, ಮಾತಾಡಿದರೆ ಅಂಕಿ ಹತ್ತರಷ್ಟು ಏರಬಹುದು. ಕಾಫಿ ಕುಡಿದು, ಬೀಡಿ ಸೇದಿ ಅರ್ಧ ಗಂಟೆ ಆಗಿರಬೇಕು. ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ, ಆದ್ದರಿಂದ ದೊಡ್ಡ ಪಟ್ಟಿಯೂ ಇರಬೇಕು. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡುವುದು ಸರಿಯಾದ ಪದ್ಧತಿ. ಓಡಿಬಂದವರನ್ನು ನಿಂತಲ್ಲೇ ಅಳೆದು, 150 ಬಂತು ಎಂದು ಅವತ್ತೇ ಜೀವಮಾನದ ಮಾತ್ರೆ ಶುರು ಮಾಡುವ ಕ್ಲಿನಿಕ್ ಎಷ್ಟೋ ಇವೆ. ತೀರಾ ಏರಿರದಿದ್ದರೆ, ಬೇರೆ ಬೇರೆ ದಿನ 140/90 ದಾಟಿದ್ದು ಖಾತ್ರಿಯಾದ ಮೇಲೆ ಮಾತ್ರೆ ಶುರುವಾಗಬೇಕು.

ಮಗುವನ್ನು ಕರೆದುಕೊಂಡು ಹೋದರೆ ತೂಕ ನೋಡದೆ ಸಿರಪ್ ಬರೆದರೋ ಎಂಬುದೊಂದೇ ಸಾಕು. ಪ್ಯಾರಾಸಿಟಮಾಲ್ ಲೆಕ್ಕ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಅಂದುಕೊಳ್ಳಿ: 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ಪಾದರೆ 6 ಎಂಎಲ್, 250 ಇರುವುದಾದರೆ 3 ಎಂಎಲ್. 'ಒಂದು ಚಮಚ' ಎಂದಷ್ಟೇ ಹೇಳಿ ಕಳಿಸಿದರೆ ಯಾವ ಸಿರಪ್ಪಿನ ಯಾವ ಚಮಚ? ಕೆಮ್ಮಿದ ಮಗುವಿನ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸುವ ಡಾಕ್ಟರು ಸಿಕ್ಕರೆ ಅದೃಷ್ಟ. ಎರಡು ತಿಂಗಳಿಂದ ಒಂದು ವರ್ಷದೊಳಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿದರೆ ನ್ಯುಮೋನಿಯಾದ ಸಂಶಯ ಪಡಬೇಕು. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಬರೆಯಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಸೂಚನೆ ಕೊಟ್ಟಿದೆ. 12 ವರ್ಷದೊಳಗಿನವರಿಗೆ ಜ್ವರ-ನೋವಿನ ಔಷಧ ನಿಮೆಸುಲೈಡ್ 2011ರಿಂದಲೇ ನಿಷಿದ್ಧ.

ಪರದೆ ಇದೆಯೇ, ಹೆಂಗಸರನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರುತ್ತಾರೆಯೇ, ಮುಂದಿನ ರೋಗಿಯನ್ನು ಒಳಗೇ ನಿಲ್ಲಿಸಿಕೊಂಡು ನಿಮ್ಮ ಗುಟ್ಟು ಕೇಳುತ್ತಾರೆಯೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾಲ್ಕನೇ ಹೆಜ್ಜೆ: ಚೀಟಿಯನ್ನು ಓದುವುದು

ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಮಾಹಿತಿ ಕೊಡುವುದು ಚೀಟಿ. ಅದನ್ನು ಮೆಡಿಕಲ್ ಶಾಪಿನಲ್ಲಿ ಬಿಟ್ಟುಬರಬೇಡಿ. ಸರಿಯಾದ ಚೀಟಿಯಲ್ಲಿ ದಿನಾಂಕ, ಹೆಸರು, ವಯಸ್ಸು, ಮಕ್ಕಳಾದರೆ ತೂಕ, ತೊಂದರೆ ಏನು, ಪರೀಕ್ಷೆಯಲ್ಲಿ ಕಂಡದ್ದೇನು, ಏನೆಂದು ಅನುಮಾನ, ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು ಸಲ, ಎಷ್ಟು ದಿನ, ಮತ್ತೆ ಯಾವಾಗ ಬರಬೇಕು, ಸಹಿ, ನೋಂದಣಿ ಸಂಖ್ಯೆ ಇರುತ್ತವೆ. ಔಷಧವನ್ನು ಜೆನೆರಿಕ್ ಹೆಸರಿನಲ್ಲಿ (ಕಂಪನಿಯ ಬ್ರ್ಯಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು), ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂಬುದು ಆ 2002ರ ನಿಯಮಾವಳಿಯಲ್ಲೇ ಇದೆ. ಪಕ್ಕದ ಒಂದೇ ಅಂಗಡಿಯವನಿಗೆ ಮಾತ್ರ ಓದಲು ಬರುವ ಲಿಪಿಯಾದರೆ ಅದರ ಹಿಂದೆ ಅವಸರಕ್ಕಿಂತ ಬೇರೆ ಕಾರಣವೂ ಇರಬಹುದು. ಅಂಥ ಚೀಟಿಯನ್ನು ಜನೌಷಧಿ ಕೇಂದ್ರಕ್ಕೆ ಒಯ್ದು ನೋಡಿ. ಅಲ್ಲಿ ಓದಲು ಬಂದರೆ ಸರಿ.

ಇನ್ನೂ ಕೆಲವು ಕ್ಲಿನಿಕ್ಕುಗಳಲ್ಲಿ ಚೀಟಿಯೇ ಇರುವುದಿಲ್ಲ. ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಿಳಿಯದು ಎರಡು ಹೊತ್ತು, ಕೆಂಪಗಿನದು ರಾತ್ರಿ ಎಂದು ಹೇಳಿ ಕಳಿಸುತ್ತಾರೆ. ಹಳೆಯ ಡಾಕ್ಟರರಲ್ಲಿ ಪ್ರಾಮಾಣಿಕರೂ ಹೀಗೆ ಮಾಡುತ್ತಿದ್ದರು. ಆದರೂ ಪೊಟ್ಟಣದಲ್ಲಿ ಸ್ಟೀರಾಯ್ಡ್ ಇದೆಯೋ ಎಂದು ನಿಮಗೆ ಗೊತ್ತಾಗುವುದಿಲ್ಲ, ರಾತ್ರಿ ಮೈಮೇಲೆ ದದ್ದು ಎದ್ದರೆ ದೊಡ್ಡಾಸ್ಪತ್ರೆಯವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಹೆಸರು ಬರೆದುಕೊಡಿ ಎಂದು ಕೇಳಿ. ಒಪ್ಪದಿದ್ದರೆ ಆ ಕ್ಲಿನಿಕ್ ಬಿಡಿ.

ಈಗೊಂದು ಚೀಟಿ ಬಿಡಿಸಿ ನೋಡೋಣ. 28ರ ಯುವಕ, ಎರಡು ದಿನದ ನೆಗಡಿ, ಗಂಟಲು ಕೆರೆತ, 100 ಡಿಗ್ರಿ ಜ್ವರ. ಬರೆದದ್ದು: ಅಜಿತ್ರೋಮೈಸಿನ್ 500, ಸೆಫಿಕ್ಸಿಮ್ 200, ಪ್ಯಾರಾಸಿಟಮಾಲ್-ಡೈಕ್ಲೋಫಿನಾಕ್ ಜೋಡಿ ಮಾತ್ರೆ, ಪ್ಯಾಂಟೊಪ್ರಜೋಲ್, ಮಾಂಟೆಲುಕಾಸ್ಟ್-ಲೆವೊಸೆಟಿರಿಜಿನ್, ಬಿ ಕಾಂಪ್ಲೆಕ್ಸ್, ಜೊತೆಗೊಂದು ಇಂಜೆಕ್ಷನ್. ನೆಗಡಿ ವೈರಸ್ಸಿನದು, ಆ್ಯಂಟಿಬಯೋಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ, ಇಲ್ಲಿ ಎರಡಿವೆ. ಎರಡಿವೆ ಅಂದರೆ ಏನೆಂದು ತಿಳಿಯದೆ ಎರಡೂ ಕಡೆ ಬಲೆ ಬೀಸಿದ್ದಾರೆ. ಡೆಂಗಿ ಇರುವ ಊರಿನಲ್ಲಿ ಹೊಸ ಜ್ವರಕ್ಕೆ ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವುನಿವಾರಕ ಕೊಡುವುದು ರಕ್ತಸ್ರಾವಕ್ಕೆ ದಾರಿ ಮಾಡಬಹುದಾದ ತಪ್ಪು. ಡೈಕ್ಲೋಫಿನಾಕ್ ಹೊಟ್ಟೆ ಉರಿಸುತ್ತದೆಂದು ಪ್ಯಾಂಟೊಪ್ರಜೋಲ್ ಬಂತು. ಮೊದಲನೆಯದನ್ನು ಬಿಟ್ಟಿದ್ದರೆ ಎರಡನೆಯದು ಬೇಕಿರಲಿಲ್ಲ. ಉಳಿಯಬೇಕಾದದ್ದು ಬರೀ ಪ್ಯಾರಾಸಿಟಮಾಲ್, ಬೇಕಿದ್ದರೆ ನೆಗಡಿಗೊಂದು ಮಾತ್ರೆ, ಮತ್ತು ಚೀಟಿಯಲ್ಲಿ ಕಾಣದ ಒಂದು ಮಾತು: ಮೂರು ದಿನಕ್ಕೆ ಇಳಿಯದಿದ್ದರೆ, ಉಸಿರು ಕಟ್ಟಿದರೆ, ಹೊಟ್ಟೆ ನೋವು ಬಂದರೆ ವಾಪಸ್ ಬನ್ನಿ.

ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧ. ಆ್ಯಂಟಿಬಯೋಟಿಕ್ ಗುರುತಿಸಲು ಮೊದಲ ಸುಳಿವು ಅದೇ. ಕೆಂಪು ಚೌಕಟ್ಟಿನೊಳಗೆ ಎಚ್1 ಎಚ್ಚರಿಕೆ ಇದ್ದರೆ ಇನ್ನೂ ಬಿಗಿಯಾದ ಪಟ್ಟಿಯದ್ದು, ಅಂಗಡಿಯವರು ಅದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು.

ಒಂದು ಚೀಟಿಯಿಂದ ತೀರ್ಪು ಕೊಡಬೇಡಿ. ಮನೆಯವರೆಲ್ಲರ, ಸಾಧ್ಯವಾದರೆ ಪಕ್ಕದ ಮನೆಯವರದ್ದೂ ಸೇರಿಸಿ, ಒಂದೇ ಕ್ಲಿನಿಕ್ಕಿನ ಕೊನೆಯ ಹತ್ತಿಪ್ಪತ್ತು ಚೀಟಿ ಹರಡಿಕೊಂಡು ಎಣಿಸಿ. ಸಕ್ಕರೆ ಕಾಯಿಲೆ, ಹೃದ್ರೋಗದ ಚೀಟಿಗಳನ್ನು ಪಕ್ಕಕ್ಕಿಡಿ, ಅವುಗಳಲ್ಲಿ ಮಾತ್ರೆ ಹೆಚ್ಚಿರುವುದು ಸಹಜ. ಚೀಟಿಗೆ ಸರಾಸರಿ ಎಷ್ಟು ಔಷಧ, ನೂರಕ್ಕೆ ಎಷ್ಟರಲ್ಲಿ ಆ್ಯಂಟಿಬಯೋಟಿಕ್, ಎಷ್ಟರಲ್ಲಿ ಇಂಜೆಕ್ಷನ್, ಜೆನೆರಿಕ್ ಹೆಸರು ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 1993ರಿಂದ ಇಡೀ ಜಗತ್ತಿನ ಆರೋಗ್ಯ ಕೇಂದ್ರಗಳನ್ನು ಅಳೆಯಲು ಬಳಸುವ ಸೂಚಿಗಳು ಇವೇ. ಔಷಧ ಸರಾಸರಿ ಎರಡರ ಆಸುಪಾಸು, ಆ್ಯಂಟಿಬಯೋಟಿಕ್ ನೂರಕ್ಕೆ 30ರೊಳಗೆ, ಇಂಜೆಕ್ಷನ್ 20ರೊಳಗೆ ಇರಬೇಕೆಂಬುದು ಸಾಮಾನ್ಯವಾಗಿ ಎಳೆಯುವ ಗೆರೆ. ಹತ್ತರಲ್ಲಿ ಎಂಟು ಚೀಟಿಯಲ್ಲಿ ಆ್ಯಂಟಿಬಯೋಟಿಕ್ ಇದ್ದರೆ ಕೈಗುಣದ ಗುಟ್ಟು ಸಿಕ್ಕಿತೆಂದೇ ತಿಳಿಯಿರಿ.

ಐದನೇ ಹೆಜ್ಜೆ: ಗ್ಲೂಕೋಸ್ ಬಾಟ್ಲಿ ಮತ್ತು ಇಂಜೆಕ್ಷನ್

"ಸುಸ್ತು ಡಾಕ್ಟ್ರೇ, ಒಂದ್ ಬಾಟ್ಲಿ ಹಾಕ್ಬಿಡಿ" ಎಂದು ಕೇಳುವವರು ನಾವೇ ಆದ್ದರಿಂದ ಇಲ್ಲಿ ತಪ್ಪನ್ನು ಹಂಚಿಕೊಳ್ಳಬೇಕು. 5 ಶೇಕಡಾ ಡೆಕ್ಸ್‌ಟ್ರೋಸ್‌ನ 500 ಎಂಎಲ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ ಸಕ್ಕರೆ ಹಾಕಿದ ಒಂದು ಲೋಟ ನಿಂಬೆ ಪಾನಕದಷ್ಟು ಶಕ್ತಿ. ಬಾಯಲ್ಲಿ ಕುಡಿಯಲು ಆಗುವವರಿಗೆ ಅದನ್ನು ರಕ್ತನಾಳದಲ್ಲಿ ಹರಿಸುವುದರಿಂದ ಸಿಗುವುದು ನಾಳದ ಉರಿಯೂತ, ಸೋಂಕಿನ ಅಪಾಯ, ಬಿಲ್ಲು. ಹೃದಯದ ತೊಂದರೆ ಇರುವ ಹಿರಿಯರಿಗೆ ವೇಗವಾಗಿ ಹರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಿಲ್ಲದ ವಾಂತಿ, ತೀವ್ರ ನಿರ್ಜಲೀಕರಣ, ಎಚ್ಚರ ತಪ್ಪಿದ ಸ್ಥಿತಿ: ಡ್ರಿಪ್ ಬೇಕಾಗುವುದು ಇಂಥ ಕಡೆ. ಭೇದಿ ಮಾಡಿಕೊಳ್ಳುವ ಮಗುವಿಗೆ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೆ ಕಲಸುವ ವಿಧಾನ ತೋರಿಸಿ, ಆರು ತಿಂಗಳು ದಾಟಿದ್ದರೆ ಜಿಂಕ್ 20 ಮಿಲಿಗ್ರಾಂ 14 ದಿನ ಬರೆದ ಡಾಕ್ಟರು, ಬಾಟ್ಲಿ ಏರಿಸಿದವರಿಗಿಂತ ಒಳ್ಳೆಯ ವೈದ್ಯ. ಭೇದಿಗೆ ಕಣ್ಣು ಮುಚ್ಚಿ ಒಫ್ಲಾಕ್ಸಾಸಿನ್-ಆರ್ನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಜೋಡಿ ಬರೆಯುವುದು ನಮ್ಮಲ್ಲಿ ಬೇರುಬಿಟ್ಟ ಚಾಳಿ.

ಜ್ವರಕ್ಕೂ ಕೀಲು ನೋವಿಗೂ ಅಲರ್ಜಿಗೂ ಕೊಡುವ 'ಒಂದೇ ಏಟಿನ' ಇಂಜೆಕ್ಷನ್ ಬಹಳ ಸಲ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್, ಅಂದರೆ ಸ್ಟೀರಾಯ್ಡ್. ಹಸಿವು ಏರುತ್ತದೆ, ಹುಮ್ಮಸ್ಸು ಬರುತ್ತದೆ, ನೋವು ಮಾಯ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಚಿಮ್ಮುತ್ತದೆ, ಅಡಗಿದ ಸೋಂಕು ಹಬ್ಬುತ್ತದೆ. ಯಾವ ಇಂಜೆಕ್ಷನ್ ಎಂದು ಹೆಸರು ಕೇಳಿ, ಖಾಲಿ ಬುಡ್ಡಿ ತೋರಿಸಲು ಹೇಳಿ.

ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡುವ ಯಾವ ಕ್ಲಿನಿಕ್ಕಿನಲ್ಲೂ ಅಡ್ರಿನಲಿನ್ ಇರಲೇಬೇಕು. ಔಷಧ ಒಗ್ಗದೆ ಉಸಿರು ಕಟ್ಟಿ ಬಿಪಿ ಕುಸಿದಾಗ ವಯಸ್ಕರ ತೊಡೆಯ ಸ್ನಾಯುವಿಗೆ ತಕ್ಷಣ 0.5 ಮಿಲಿಗ್ರಾಂ ಕೊಡಬೇಕಾದ ಔಷಧ ಅದು. ಆಂಬುಲೆನ್ಸ್ ಬರುವವರೆಗೆ ಕಾದರೆ ತಡವಾಗುತ್ತದೆ. ಇಂಜೆಕ್ಷನ್ ಆದಮೇಲೆ 20-30 ನಿಮಿಷ ಕೂತು ಹೋಗಿ ಎನ್ನುವ ಕ್ಲಿನಿಕ್ ಅದನ್ನು ಇಟ್ಟುಕೊಂಡಿರುವ ಸಂಭವ ಹೆಚ್ಚು. ಆಮ್ಲಜನಕದ ಸಿಲಿಂಡರು, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗು, ಪಲ್ಸ್ ಆಕ್ಸಿಮೀಟರು ಕೈಗೆಟುಕುವಂತಿವೆಯೇ, ಇಲ್ಲ ಬೀರುವಿನ ಮೇಲೆ ಧೂಳು ಹಿಡಿದಿವೆಯೇ ಗಮನಿಸಿ.

ಆರನೇ ಹೆಜ್ಜೆ: ಲ್ಯಾಬ್ ಪರೀಕ್ಷೆಗಳು

ಜ್ವರ ಬಂದ ಎರಡನೇ ದಿನವೇ ವಿಡಾಲ್ ಟೆಸ್ಟು ಮಾಡಿಸಿ "ಟೈಫಾಯ್ಡ್ ಇದೆ" ಎನ್ನುವ ಪದ್ಧತಿ ಈ ರಾಜ್ಯದ ಮೂಲೆಮೂಲೆಯಲ್ಲಿದೆ. ವಿಡಾಲ್ ನೋಡುವುದು ದೇಹ ತಯಾರಿಸಿದ ಪ್ರತಿಕಾಯಗಳನ್ನು; ಅವು ಏಳಲು ವಾರ ಬೇಕು, ಹಿಂದೆ ಬಂದ ಸೋಂಕು ಅಥವಾ ಲಸಿಕೆಯಿಂದಲೂ ಉಳಿದಿರುತ್ತವೆ. ಟೈಫಾಯ್ಡ್ ಮಾಮೂಲಾಗಿರುವ ಊರಿನಲ್ಲಿ ಒಂಟಿ ವಿಡಾಲ್ ವರದಿಗೆ ಬೆಲೆ ಕಡಿಮೆ. ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು ರಕ್ತದ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ತೆಗೆಸುವವರು ವಿಷಯ ಬಲ್ಲವರು.

ಡೆಂಗಿಯಲ್ಲೂ ದಿನ ನೋಡಿ ಪರೀಕ್ಷೆ. ಮೊದಲ ಐದು ದಿನ ಎನ್‌ಎಸ್1, ಅಂದರೆ ವೈರಸ್ಸಿನ ಅಂಶ ಹುಡುಕುವುದು, ಅದಾದ ಮೇಲೆ ಐಜಿಎಂ, ಅಂದರೆ ಪ್ರತಿಕಾಯ ಹುಡುಕುವುದು. 2024ರಲ್ಲಿ ಸರ್ಕಾರ ಎಲೈಸಾ ವಿಧಾನದ ಈ ಎರಡಕ್ಕೂ ತಲಾ 300 ರೂಪಾಯಿ ಮಿತಿ ಹಾಕಿತು. ಜ್ವರ ಇಳಿದ ದಿನವೇ ಅಪಾಯ ಶುರು, ಹೊಟ್ಟೆ ನೋವು, ಪದೇಪದೇ ವಾಂತಿ, ಒಸಡಿನ ರಕ್ತ, ಮಂಕು ಕಂಡರೆ ಓಡಿಬನ್ನಿ ಎಂದು ಹೇಳಿ ಕಳಿಸಿದರೋ ಎಂಬುದು ಪ್ಲೇಟ್ಲೆಟ್ ಎಣಿಕೆಗಿಂತ ಮುಖ್ಯ. ಎರಡು ವಾರ ಮೀರಿದ ಕೆಮ್ಮಿಗೆ ಮೂರನೇ ಸಿರಪ್ ಬರೆಯುತ್ತಾರೋ, ಕಫದ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತಾರೋ ಎಂಬುದು ಕ್ಷಯದ ವಿಷಯದಲ್ಲಿ ಅದೇ ಥರದ ಪರೀಕ್ಷೆ.

'ಇದೇ ಲ್ಯಾಬಿಗೆ ಹೋಗಿ, ಬೇರೆಯದು ನಡೆಯೋದಿಲ್ಲ' ಎಂದರೆ ಕಾರಣ ಕೇಳಿ. ಕಮಿಷನ್ ಪಡೆಯುವುದು ವೈದ್ಯಕೀಯ ನೀತಿಯಲ್ಲಿ ನಿಷಿದ್ಧ.

ಏಳನೇ ಹೆಜ್ಜೆ: ವರ್ಷದ ಲೆಕ್ಕ

ಸಕ್ಕರೆ, ಬಿಪಿಯಂಥ ವರ್ಷಗಟ್ಟಲೆ ಇರುವ ಕಾಯಿಲೆಯಲ್ಲಿ ಫಲಿತಾಂಶವನ್ನೇ ಅಳೆಯಬಹುದು. ವರ್ಷದ ಚೀಟಿಗಳನ್ನು ಜೋಡಿಸಿ ನೋಡಿ: ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) ಮೂರು ತಿಂಗಳಿಗೊಮ್ಮೆ, ಹತೋಟಿಯಲ್ಲಿದ್ದರೆ ಆರು ತಿಂಗಳಿಗೊಮ್ಮೆ ಆಯಿತೇ? ಕಣ್ಣಿನ ಹಿಂಭಾಗದ ಪರೀಕ್ಷೆ, ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ವರ್ಷಕ್ಕೊಮ್ಮೆ ಆಯಿತೇ? ಚಪ್ಪಲಿ, ಸಾಕ್ಸು ಬಿಚ್ಚಿಸಿ ಪಾದ ನೋಡಿದರೇ? ಈ ಕೊನೆಯದನ್ನು ಮಾಡುವವರು ಕಡಿಮೆ, ಆದರೆ ಬೆರಳು ಕತ್ತರಿಸುವ ಸ್ಥಿತಿ ತಪ್ಪುವುದು ಅದರಿಂದಲೇ. ಬೆಳಗಿನ ಖಾಲಿ ಹೊಟ್ಟೆಯ ಅಂಕಿಯೊಂದನ್ನೇ ನೋಡಿ ವರ್ಷಗಟ್ಟಲೆ ಅದೇ ಮಾತ್ರೆ ಮುಂದುವರಿಸುವುದು ಚಿಕಿತ್ಸೆಯಲ್ಲ, ನವೀಕರಣ. ಎಚ್‌ಬಿಎ1ಸಿ ಬಹುತೇಕರಿಗೆ 7ರೊಳಗೆ, ವಯಸ್ಸಾದವರಿಗೆ ತುಸು ಸಡಿಲ. ಎರಡು ಭೇಟಿಯಲ್ಲೂ 9 ಇದ್ದು ಚೀಟಿ ಒಂದಕ್ಷರ ಬದಲಾಗದಿದ್ದರೆ ಅದು ಡಾಕ್ಟರ ಜಡತೆ. ಮಾತ್ರೆ ಬದಲಿಸಿಯೂ ನೀವು ತಪ್ಪಿಸಿದ್ದರೆ ತಪ್ಪು ನಿಮ್ಮದು.

ಎಂಟನೇ ಹೆಜ್ಜೆ: ಎರಡು ಪ್ರಶ್ನೆ ಕೇಳಿ ನೋಡಿ

ಮೊದಲನೆಯದು: "ಡಾಕ್ಟ್ರೇ, ನಾಯಿ ಕಚ್ಚಿದ್ರೆ ನಿಮ್ಮಲ್ಲಿಗೆ ಬರಬಹುದಾ, ಏನ್ ಮಾಡಬೇಕು?" ಸರಿಯಾದ ಉತ್ತರ: ಗಾಯವನ್ನು ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ರೇಬಿಸ್ ಲಸಿಕೆ ಶುರು, ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ, ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ. ಅದು ಇಲ್ಲಿ ಇಲ್ಲ, ತಾಲೂಕು ಆಸ್ಪತ್ರೆಗೆ ಹೋಗಿ ಎಂದರೂ ಪೂರ್ಣ ಅಂಕ. ಬರೀ ಟಿಟಿ ಕೊಡ್ತೀವಿ ಎಂದರೆ ಸೊನ್ನೆ.

ಎರಡನೆಯದು: ಎದೆ ನೋವು ಬಂದರೆ? ಬಂದ ಹತ್ತು ನಿಮಿಷದೊಳಗೆ ಇಸಿಜಿ, ಇಲ್ಲವಾದರೆ ಕಾಯಿಸದೆ ಕಳಿಸುವುದು. ಗ್ಯಾಸ್ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿ ದಾರಿಯಲ್ಲಿ ಕುಸಿದವರ ಸುದ್ದಿ ಪ್ರತಿ ಊರಲ್ಲೂ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರು ನೋಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಅಲ್ಲೇ ಕೊಡಿಸುವ ಏರ್ಪಾಡಿದೆ. ಇದು ಗೊತ್ತಿರುವ ಬೀದಿ ಡಾಕ್ಟರು ಒಂದು ಜೀವ ಉಳಿಸಿದಂತೆಯೇ. ಕಳಿಸುವಾಗ ಏನು ಕೊಟ್ಟೆವು, ಎಷ್ಟು ಗಂಟೆಗೆ, ಬಿಪಿ ಎಷ್ಟಿತ್ತು ಎಂದು ಬರೆದ ಚೀಟಿ ಕೊಡುವರೇ ಎಂದೂ ವಿಚಾರಿಸಿ.

ಇವುಗಳ ಜೊತೆಗೆ ನಿಮ್ಮ ಮುಂದಿನ ಆ್ಯಂಟಿಬಯೋಟಿಕ್ ಚೀಟಿಗೆ ಮೆತ್ತಗೆ ಕೇಳಿ: "ಎರಡು ದಿನ ಕಾದು ನೋಡಿದ್ರೆ ತೊಂದರೆ ಆಗುತ್ತಾ ಸರ್?" ಯಾಕೆ ಕಾಯಬಾರದೆಂದು ವಿವರಿಸಿದರೂ ಸರಿ, ಕಾಯಿರಿ ಎಂದರೂ ಸರಿ. "ಡಾಕ್ಟ್ರು ನಾನಾ ನೀವಾ" ಎಂದರೆ ಉತ್ತರ ಸಿಕ್ಕಂತಾಯಿತು.

ತೀರ್ಮಾನ, ದೂರು, ಬದಲಾವಣೆ

ಸರ್ಕಾರದ 'ನಮ್ಮ ಕ್ಲಿನಿಕ್', ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಇದೇ ಅಳತೆಗೋಲಿನಿಂದ ನೋಡಿ. ಕಮಿಷನ್ನಿನ ಆಸೆ ಇಲ್ಲದ ಕಡೆ ಚೀಟಿ ಬಹಳ ಸಲ ಚಿಕ್ಕದಾಗಿರುತ್ತದೆ. ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಗಿಜಿಗುಡುವ ಕೋಣೆ, ಗಡುಸು ಮಾತು, ತಡ, ಒಂದು ಹೆಚ್ಚುವರಿ ವಿಟಮಿನ್ನು ಸಹಿಸಬಹುದಾದವು. ನೋಂದಣಿ ಇಲ್ಲದಿರುವುದು, ಸೂಜಿ ಮರುಬಳಕೆ, ಹೆಸರಿಲ್ಲದ ಪೊಟ್ಟಣ, ಅಪಾಯದ ರೋಗಿಯನ್ನು ಕಳಿಸದೆ ಹಿಡಿದಿಡುವುದು: ಇವುಗಳಲ್ಲಿ ಒಂದಿದ್ದರೂ ಸಾಕು, ಬೇರೆ ಕ್ಲಿನಿಕ್ ನೋಡಿಕೊಳ್ಳಿ. ಬರೀ ಪ್ಯಾರಾಸಿಟಮಾಲ್ ಬರೆದು ಕಳಿಸಿದವರಿಗೆ "ಇಷ್ಟಕ್ಕೆ ಫೀಸಾ" ಎಂದು ಮುಖ ಸಿಂಡರಿಸುವ ಅಭ್ಯಾಸವನ್ನೂ ಬಿಡಬೇಕು. ಆ ಫೀಸು ಪರೀಕ್ಷಿಸಿ ಬೇಡ ಎಂದದ್ದಕ್ಕೆ.

ದೂರು ಕೊಡುವುದಾದರೆ ದಾರಿ ಮೂರು. ಕ್ಲಿನಿಕ್ಕಿನ ನೋಂದಣಿ, ಸ್ವಚ್ಛತೆ, ದರದ ವಿಷಯಕ್ಕೆ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ಡಾಕ್ಟರ ನಡತೆ, ನಿರ್ಲಕ್ಷ್ಯಕ್ಕೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಹಣದ ಪರಿಹಾರಕ್ಕೆ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ. ಮೂರರಲ್ಲೂ ದಿನಾಂಕ ಇರುವ ಚೀಟಿ, ರಸೀದಿ ಇಲ್ಲದಿದ್ದರೆ ಮಾತು ನಿಲ್ಲುವುದಿಲ್ಲ.

ದೂರಿಲ್ಲದೆ ಸುಮ್ಮನೆ ಕ್ಲಿನಿಕ್ ಬದಲಿಸುವುದಾದರೂ ದಾಖಲೆ ಕೇಳಿ ಪಡೆಯಿರಿ. ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಹೊಸ ಡಾಕ್ಟರ ಬಳಿ ಹೋಗುವಾಗ ಇಡೀ ಕಟ್ಟು ಹೊತ್ತೊಯ್ದರೆ ಯಾರೂ ಓದುವುದಿಲ್ಲ. ಒಂದು ಹಾಳೆಯಲ್ಲಿ ಕಾಯಿಲೆಗಳು ಮತ್ತು ಶುರುವಾದ ವರ್ಷ, ಈಗಿನ ಮಾತ್ರೆಗಳು ಮಿಲಿಗ್ರಾಂ ಸಮೇತ, ಒಗ್ಗದ ಔಷಧ, ಕೊನೆಯ ಮೂರು ಬಿಪಿ ಮತ್ತು ಎಚ್‌ಬಿಎ1ಸಿ ಬರೆದು ಮೇಲಿಡಿ, ಅದರ ಕೆಳಗೆ ಕೊನೆಯ ಇಸಿಜಿ ಮತ್ತು ಲ್ಯಾಬ್ ವರದಿ. ಆ ಹಾಳೆಯನ್ನು ಹೊಸ ಡಾಕ್ಟರು ಕೈಗೆತ್ತಿಕೊಂಡು ಓದುತ್ತಾರೋ, ಪಕ್ಕಕ್ಕೆ ಸರಿಸಿ "ಏನ್ ತೊಂದರೆ ಹೇಳಿ" ಎನ್ನುತ್ತಾರೋ ಗಮನಿಸಿ. ಹೊಸ ಕ್ಲಿನಿಕ್ಕಿನ ಪರೀಕ್ಷೆ ಅಲ್ಲಿಂದಲೇ ಶುರು.